ತಿರುಗಿ ಬಂದ ಸೀಟಿ

ಸೇಡಂನ ಹಾಜಿಮಲಂಗ್ ಸೀಟಿ ಹೊಡೆದರೆ ಚಿತ್ತಾಪುರದ ಎಮ್ಮೆಗಳು ಹಾಲು ಬಿಡುವುದನ್ನು ಮರೆತು ಕಿವಿ ನಿಮಿರಿಸುತ್ತಿದ್ದವು. ಅದರಾಚೆ ವಾಡಿ ಜಂಕ್ಷನ್ನಿನಲ್ಲಿ ಗೂಡ್ಸ್ ಗಾಡಿಯ ಗಾರ್ಡು ಗಾಬರಿಯಾಗಿ, ತನ್ನ ಸೀಟಿ ಯಾರಾದರೂ ಕದ್ದರೇ ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದ. ಇದರಲ್ಲಿ ಅರ್ಧ ಸುಳ್ಳು ಅನ್ನುವವರಿದ್ದಾರೆ. ಇರಲಿ. ಉಳಿದ ಅರ್ಧವೇ ಒಬ್ಬ ಲೈನ್‌ಮನ್ನಿಗೆ ಬೇಕಾದಷ್ಟಾಯಿತು.

ಮನುಷ್ಯ ಉದ್ದಕ್ಕೆ, ತೆಳ್ಳಗೆ ಇದ್ದ. ಕಂಬಕ್ಕೂ ಅವನಿಗೂ ವ್ಯತ್ಯಾಸ ಗೊತ್ತಾಗಲೆಂದು ಹೆಂಡತಿ ಮಾಶಾಬಿ ಅವನ ತಲೆಗೆ ಕೆಂಪು ರುಮಾಲು ಸುತ್ತಿ ಕಳಿಸುತ್ತಿದ್ದಳು. ಸುತ್ತದ ದಿನ ಕಾಗೆ ಬಂದು ಕೂತದ್ದನ್ನು ಕಂಡವರಿದ್ದಾರೆ. ಹೈದರಾಬಾದ್ ಸೀಮೆ ಒಡೆದು ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಅವನು ತಂತಿ ಇಲಾಖೆಯಲ್ಲಿ ಕಂಬ ಹೊರುವ ಕೂಲಿಯಾಗಿ ಸೇರಿದ. ಕಚೇರಿಯ ಬೋರ್ಡು ಉರ್ದುವಿನಿಂದ ಕನ್ನಡಕ್ಕೆ ಬಂತು, ಸಾಹೇಬರು ಬಂದರು, ಹೋದರು. ತಂತಿ ಮಾತ್ರ ಇದ್ದಲ್ಲೇ ಇತ್ತು. ಅದಕ್ಕೆ ಯಾವ ಭಾಷೆಯೂ ಬಾರದು, ಹಾಗಾಗಿ ಎಲ್ಲರ ಮಾತನ್ನೂ ಹೊರುತ್ತದೆ ಎಂದು ಮಲಂಗ್ ಹೇಳುತ್ತಿದ್ದ. ಕೂಲಿಯಾಗಿದ್ದವನು ಲೈನ್‌ಮನ್ ಆಗುವ ಹೊತ್ತಿಗೆ ಸೇಡಂನಿಂದ ವಾಡಿಯವರೆಗಿನ ಪ್ರತಿಯೊಂದು ಕಂಬವೂ ಅವನನ್ನು ಗುರುತು ಹಿಡಿದು ಸ್ವಲ್ಪ ಬಾಗುತ್ತಿತ್ತಂತೆ.

ವಾಡಿಯ ತುದಿಗೆ ಇದ್ದವನು ಅಂಬಾರಾಯ. ಗಿಡ್ಡ, ಗಟ್ಟಿ ಆಳು, ಎಡಚ. ಅವನಿಗೆ ಟೆಲಿಫೋನು ಕೊಟ್ಟದ್ದೇ ಸರ್ಕಾರ ಮಾಡಿದ ದಂಡದ ಖರ್ಚು. ವಾಡಿಯಲ್ಲಿ ನಿಂತು “ಲೇ ಮಲಂಗ್ಯಾ” ಎಂದು ಕೂಗಿದರೆ ಶಹಾಬಾದಿನ ಗಣಿಯಲ್ಲಿ ಒಂದು ಪದರ ಪರಸಿಕಲ್ಲು ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು. ಇಬ್ಬರೂ ಮೊದಲು ಮುಖ ನೋಡಿದ್ದು ಕಾಗಿಣಾ ಹೊಳೆ ಸೊಕ್ಕಿ ಬಂದು ತಂತಿ ಹರಿದ ವರ್ಷ. ಸೇಡಂ ಕಡೆಯಿಂದ ಇವನು ಹೊರಟ, ವಾಡಿ ಕಡೆಯಿಂದ ಅವನು ಹೊರಟ. ನಡುನೀರಿನ ಒಂದು ಕಂಬದ ಮೇಲೆ ಎರಡು ಕಪ್ಪೆಗಳ ಹಾಗೆ ಕೂಡಿದರು. ತಂತಿ ಕೂಡಿತು. ಕೂಡಿಸಿದವರು ಯಾರು ಎನ್ನುವ ಜಗಳ ಮಾತ್ರ ಮುಗಿಯಲಿಲ್ಲ. ದಿನಾ ಮುಂಜಾನೆ ಲೈನು ಪರೀಕ್ಷೆ ಮಾಡುವಾಗ ಅದೇ ಮಂಗಳಾರತಿ.

“ಲೇ ಅಂಬ್ಯಾ, ಹೊಳ್ಯಾಗ ತಂತಿ ಕೂಡಿಸ್ದವ ಯಾರೋ?”

“ನಾ.”

“ನೀ ಈಜಿ ಬರೋದ್ರಾಗ ನಾ ಕೂಡಿಸಿ, ಬೀಡಿ ಸೇದಿ, ಕೆಳಗ ಇಳಿದಿದ್ದೆ.”

“ನೀ ಇಳಿದಿಲ್ಲ ಮಗನ, ಬಿದ್ದಿದ್ದಿ. ಜುಟ್ಟ ಹಿಡಿದು ಎತ್ತಿದವ ನಾ.”

“ನನಗೆಲ್ಲಿ ಜುಟ್ಟ ಅದನೋ?”

“ಅವತ್ತು ಕಿತ್ತು ಬಂತಲ್ಲ, ಅದಕ್ಕ ಇಲ್ಲ.”

ಲೈನ್‌ಮನ್ನರಲ್ಲಿ ಒಂದು ಪದ್ಧತಿ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಜೀವದ ಭಯಕ್ಕೆ ಹುಟ್ಟಿದ್ದು. ಆ ತುದಿಯವನು ‘ಹೂಂ’ ಅನ್ನದೆ ಈ ತುದಿಯವನು ತಂತಿಗೆ ಕೈ ಹಚ್ಚಬಾರದು. ಅವನ ಕಡೆ ಯಾವುದು ಬಿಚ್ಚಿದೆಯೋ, ಎಲ್ಲಿ ಕರೆಂಟು ತಾಗಿದೆಯೋ ಇವನಿಗೆ ತಿಳಿಯದಲ್ಲ! ಮಲಂಗ್ ಈ ಪದ್ಧತಿಯನ್ನು ಮನೆಗೂ ತಂದಿದ್ದ. ಮಾಶಾಬಿ ಹೂಂ ಅನ್ನುವವರೆಗೆ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆಯುತ್ತಿರಲಿಲ್ಲ. ಅವಳು ಸಿಟ್ಟಾದ ದಿನ ಬೇಕೆಂದೇ ಹೂಂ ಅನ್ನದೆ ಅವನನ್ನು ಉಪವಾಸ ಕೂಡಿಸುತ್ತಿದ್ದಳು.

ವಯಸ್ಸಾದ ಮೇಲೆ ಇಬ್ಬರೂ ಸರ್ಕಾರದ ಕಂಬ ಇಳಿದು ಸಿಮೆಂಟ್ ಕಾರ್ಖಾನೆಯೊಂದರ ಕಂಬ ಏರಿದರು. ಕಾರ್ಖಾನೆ ಸೇಡಂ ಮಗ್ಗುಲಿಗೆ, ಅದರ ಲೋಡಿಂಗ್ ಆಫೀಸು ವಾಡಿಯಲ್ಲಿ. ನಡುವೆ ಬಾಡಿಗೆಗೆ ಪಡೆದ ನಾಲ್ಕು ತಂತಿ. ಎರಡು ಈ ಕಡೆಯ ಮಾತನ್ನು ಒಯ್ಯುವುದಕ್ಕೆ, ಎರಡು ಆ ಕಡೆಯ ಮಾತನ್ನು ತರುವುದಕ್ಕೆ. ಆಗ ಕರ್ನಾಟಕ ಅಂತ ಹೆಸರಾಗಿ ಬಹಳ ವರ್ಷವಾಗಿತ್ತು, ಊರಿಗೆ ಕಂಪ್ಯೂಟರ್ ಎನ್ನುವ ಶಬ್ದ ಬಂದಿತ್ತು, ಅದನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಅದನ್ನು ಕೂಡಿಸಲು ಹೈದರಾಬಾದಿನಿಂದ ಮುನಾಫ ಎಂಬ ಹುಡುಗು ವಯಸ್ಸಿನ ಇಂಜಿನಿಯರ್ ಬಂದ. ಹವಾ ತಣ್ಣಗಿರಲೆಂದು ಕಂಪ್ಯೂಟರಿಗೆ ಬೇರೆ ಕೋಣೆ, ಕೋಣೆಗೆ ಪರದೆ. ನೋಡಿದ ಮಾಶಾಬಿ, “ನನ್ನ ಮದುವ್ಯಾಗೂ ಇಷ್ಟು ಪರದಾ ಇರ್ಲಿಲ್ಲ,” ಅಂದಳು.

ಮುನಾಫ ಮೇಜಿನ ಮೇಲೆ ಒಂದು ಕಬ್ಬಿಣದ ಡಬ್ಬಿ ಇಟ್ಟ. ಮುಂದೆ ಸಾಲಾಗಿ ಸಣ್ಣ ದೀಪಗಳು.

“ಚಾಚಾ, ಕಂಪ್ಯೂಟರಿಗೆ ಎರಡೇ ಮಾತು ಬರ್ತಾವ. ಹೌದು, ಇಲ್ಲ. ಆದ್ರ ಈ ಟೆಲಿಫೋನ್ ತಂತಿ ದನಿ ಬಿಟ್ರ ಬ್ಯಾರೇನೂ ಹೊರಂಗಿಲ್ಲ. ಅದಕ್ಕ ಈ ಡಬ್ಬಿ ಹೌದು ಅಂಬೋದನ್ನ ಒಂದು ನಮೂನಿ ಸೀಟಿ, ಇಲ್ಲ ಅಂಬೋದನ್ನ ಇನ್ನೊಂದು ನಮೂನಿ ಸೀಟಿ ಮಾಡಿ ಕಳಸ್ತದ. ವಾಡ್ಯಾಗ ಇಂಥಾದ್ದೇ ಡಬ್ಬಿ ಕುಂತು, ಸೀಟಿ ಕೇಳಿ, ತಿರುಗಿ ಹೌದು-ಇಲ್ಲ ಮಾಡ್ತದ. ಮೋಡೆಮ್ ಅಂತಾರ ಇದಕ್ಕ.”

“ಅಂದ್ರ ದುಭಾಷಿ.”

“ಹಾಂ, ದುಭಾಷಿ.”

“ಸೀಟಿ ಹೊಡ್ಯಾಕ ಇಷ್ಟು ದೊಡ್ಡ ಡಬ್ಬಿ ಯಾಕ ತಂದ್ರಿ ಸಾಬ್? ನಾ ಸತ್ತೀನೇನು?”

ಮುನಾಫ ನಕ್ಕು ಉಳಿದ ಪಾಠವನ್ನೂ ಹೇಳಿದ. ಎರಡು ಡಬ್ಬಿ ಕೆಲಸಕ್ಕೆ ಮೊದಲು ಒಂದಕ್ಕೊಂದು ಸೀಟಿ ಹೊಡೆದು ಸಲಾಮು-ಆಲೇಕುಂ ಮುಗಿಸುತ್ತವೆ, ಅದು ಹ್ಯಾಂಡ್‌ಶೇಕ್. ಆಮೇಲೆ ಮಾತಿರಲಿ ಬಿಡಲಿ, ಸಣ್ಣದೊಂದು ದನಿ ಎಡೆಬಿಡದೆ ಹರಿಯುತ್ತಿರುತ್ತದೆ. ಅದು ಕ್ಯಾರಿಯರ್, ‘ನಾನು ಇದೀನಿ’ ಅನ್ನುವುದಷ್ಟೇ ಅದರ ಅರ್ಥ. ಸರದಿಯ ಮೇಲೆ ಮಾತಾಡಿದರೆ ಹಾಫ್ ಡ್ಯೂಪ್ಲೆಕ್ಸ್. ಇಬ್ಬರೂ ಒಮ್ಮೆಲೇ ಮಾತಾಡಿದರೆ ಫುಲ್ ಡ್ಯೂಪ್ಲೆಕ್ಸ್.

“ತಿಳೀತು ಬಿಡ್ರಿ,” ಅಂದ ಮಲಂಗ್. “ನಾ ಮತ್ತ ಮಾಶಾಬಿ ಹಾಫ್. ಅಕಿ ಮಾತಾಡೋವಾಗ ನಾ ಸುಮ್ನಿರ್ತೀನಿ. ನನ್ನ ಸರದಿ ಇನ್ನಾ ಬಂದಿಲ್ಲ. ನಾ ಮತ್ತ ಅಂಬ್ಯಾ ಫುಲ್.”

ಲೈನು ಸರಿಯಿದೆಯೇ ಎಂದು ನೋಡುವ ಉಪಾಯವೊಂದಿತ್ತು, ಲೂಪ್ ಅಂತ. ಆ ತುದಿಯಲ್ಲಿ ಒಯ್ಯುವ ಜೋಡಿಯನ್ನು ತರುವ ಜೋಡಿಗೆ ತುಂಡು ತಂತಿಯಿಂದ ಕಟ್ಟಿಬಿಟ್ಟರೆ, ಇಲ್ಲಿಂದ ಹೋದ ದನಿ ವಾಡಿ ಮುಟ್ಟಿ ಹೊರಳಿ ಹೇಳಿದವನ ಕಿವಿಗೇ ಬರುತ್ತದೆ. ಬಂತೆಂದರೆ ನಡುವಿನ ಕಂಬಗಳೆಲ್ಲ ನೆಟ್ಟಗಿವೆ ಎಂದು ಲೆಕ್ಕ. ಹಾಗೆ ಕಟ್ಟಿದಾಗ ಮುನಾಫನ ಡಬ್ಬಿಯ ಮೇಲೆ ಕೆಂಪು ದೀಪವೊಂದು ಹತ್ತುತ್ತಿತ್ತು. “ಇದು ಯಾಕ ಕೆಂಪಗಾಯ್ತು?” ಎಂದು ಮಲಂಗ್ ಕೇಳಿದರೆ, “ಎದುರಿಗೆ ಯಾರೂ ಇಲ್ಲ, ತನ್ನ ದನಿ ತನಗೇ ಬರ್ಲಿಕತ್ತದ ಅಂತ ಮಷೀನಿಗೆ ತಿಳೀತದ ಚಾಚಾ. ಅದಕ್ಕ ಎಚ್ಚರ ಕೊಡ್ತದ,” ಅಂದ ಮುನಾಫ.

ಸೇಡಂ ಕಡೆಯ ಡಬ್ಬಿ ಬಂತು, ವಾಡಿಯದು ಬರಲಿಲ್ಲ. ಎಲ್ಲೋ ಬಂದರಿನಲ್ಲಿ ಸಿಕ್ಕಿಬಿದ್ದಿದೆ ಎಂದರು. ಅದು ಬರುವವರೆಗೆ ಲೈನು ಕೆಡದಂತೆ ಮಲಂಗ್ ಮತ್ತು ಅಂಬಾರಾಯ ದಿನಾ ಮುಂಜಾನೆ ಪರೀಕ್ಷೆ ಮಾಡಬೇಕು.

ಅದೇ ಹೊತ್ತಿನಲ್ಲಿ ಅಂಬಾರಾಯನ ಗಂಟಲಲ್ಲಿ ಗಡ್ಡೆ ಎದ್ದಿತು. ಸೊಲ್ಲಾಪುರಕ್ಕೆ ಒಯ್ದು ಕೊಯ್ಯಿಸಿದರು. ಜೀವ ಉಳಿಯಿತು, ದನಿ ಹೋಯಿತು. ಕಲ್ಲು ಬಿಡಿಸುತ್ತಿದ್ದ ಗಂಟಲಿನಲ್ಲಿ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಕೆಲಸಕ್ಕೆ ಬರುತ್ತೇನೆಂದು ಕೈಸನ್ನೆಯಲ್ಲೇ ಹಟ ಹಿಡಿದು ಲೋಡಿಂಗ್ ಆಫೀಸಿನ ತನ್ನ ಕೋಣೆಗೆ ಬಂದ. ಆದರೆ ಸೇಡಂಗೆ ಒಂದು ಮಾತು ಮುಟ್ಟಿಸಿದ್ದ, ಅವನ ಹೆಂಡತಿ ಮಾಳಮ್ಮ ಟ್ರಂಕ್ ಫೋನಿನಲ್ಲಿ ಅಳುತ್ತ ಹೇಳಿದಳು: “ಮಲಂಗಣ್ಣಾ, ನೀ ನೋಡಾಕ ಬರಬ್ಯಾಡಂತ. ಈ ಹಾಳು ಮಾರಿ ಅವಗ ತೋರ್ಸಂಗಿಲ್ಲ, ಬಂದ್ರ ಬಾಗಲಾ ಹಾಕ್ಕೋತೀನಿ ಅಂತ ಸನ್ನಿ ಮಾಡ್ಲಿಕತ್ತಾರ.”

ಸೇಡಂನಿಂದ ವಾಡಿಗೆ ರೈಲಿನಲ್ಲಿ ಎಷ್ಟು ಹೊತ್ತು? ಶೇಂಗಾ ಕೊಂಡರೆ ಪೊಟ್ಟಣ ಮುಗಿಯುವುದಿಲ್ಲ, ಊರು ಬರುತ್ತದೆ. ಆದರೂ ಮಲಂಗ್ ಹೋಗಲಿಲ್ಲ. ಆ ತುದಿಯವನು ಹೂಂ ಅಂದಿಲ್ಲವಲ್ಲ! ತಾನು ಹೋಗಿ ಅವನ ಮಗ್ಗುಲಿಗೆ ಒಮ್ಮೆ ಕೂಡಬೇಕು, ಅಷ್ಟೇ ಬೇಕಾಗಿತ್ತು ಅವನಿಗೆ. ಆ ಒಂದು ಹೂಂಗಾಗಿ ಕಾದ.

ಮಾತು ಸತ್ತ ಮೇಲೆ ಇಬ್ಬರೂ ಲೂಪನ್ನೇ ನಾಲಿಗೆ ಮಾಡಿಕೊಂಡರು. ಮಲಂಗ್ ಪ್ರಶ್ನೆ ಕೇಳಿ ಒಂದು ಸೀಟಿ ಹೊಡೆಯುವುದು. ಅತ್ತ ಅಂಬಾರಾಯ ತುಂಡು ತಂತಿ ಕಟ್ಟಿ ಹಿಡಿದರೆ ಸೀಟಿ ತಿರುಗಿ ಬರುತ್ತದೆ: ಹೌದು. ಕಟ್ಟದೆ ಬಿಟ್ಟರೆ ಮೌನ: ಇಲ್ಲ. ಮುನಾಫ ನೋಡಿ ಬೆರಗಾದ. “ಚಾಚಾ, ನೀವು ಇಬ್ಬರೂ ಕೂಡಿ ಮೋಡೆಮ್ ಆಗೀರಿ!”

“ಅಂಬ್ಯಾ, ಆರಾಮ ಅದೀಯಾ?” ಸೀಟಿ. ತಿರುಗಿ ಬಂತು.

“ಔಷಧ ತಗೊಂಡ್ಯಾ?” ತಿರುಗಿ ಬಂತು.

“ಸುಳ್ಳು ಹೇಳ್ತಿ ಹೌದಲ್ಲೊ?” ತುಸು ತಡೆದು, ತಿರುಗಿ ಬಂತು.

“ಹೊಳ್ಯಾಗ ತಂತಿ ಕೂಡಿಸ್ದವ ನಾ. ಒಪ್ಕೋತಿ?” ಮೌನ. ಸಾಮಾನ್ಯ ಮೌನವಲ್ಲ, ಬೈಗುಳ ತುಂಬಿದ ಮೌನ. ಅದರಲ್ಲಿ ಮಲಂಗನ ಏಳು ತಲೆಮಾರು ತೊಯ್ದು ಹೋಗುತ್ತಿತ್ತು. ಮಲಂಗ್ ಬಿದ್ದು ಬಿದ್ದು ನಗುತ್ತಿದ್ದ. ಕೊನೆಗೆ ದನಿ ಸಣ್ಣದು ಮಾಡಿ ಕೇಳುತ್ತಿದ್ದ: “ನಾ ಬರ್ಲ್ಯಾ?”

ಮೌನ.

ಅದು ಬೇರೆ ಮೌನ. ಆಗ ಮಲಂಗ್ ರುಮಾಲಿನಿಂದ ಟೆಲಿಫೋನು ಒರೆಸಿ, ಕಣ್ಣೂ ಒರೆಸಿ, ಇಟ್ಟುಬಿಡುತ್ತಿದ್ದ.

ಮಳೆ ಹೋಯಿತು, ಜೋಳ ತೆನೆ ಹಿರಿಯಿತು, ಎಳ್ಳಮಾಸಿ ಬಂತು. ಊರೆಲ್ಲ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ಕಡುಬು ಉಂಡು ಬಂದಿತು. ಕಾರ್ಖಾನೆಯ ಆಫೀಸಿಗೂ ರಜೆ. ಮರುದಿನ ಮುಂಜಾನೆ ಮಲಂಗ್ ಟೆಲಿಫೋನು ಎತ್ತಿ ಎಂದಿನಂತೆ ಶುರು ಮಾಡಿದ.

“ಅಂಬ್ಯಾ, ಆರಾಮ ಅದೀಯಾ?” ಸೀಟಿ ತಿರುಗಿ ಬಂತು.

“ಹಬ್ಬದ ಊಟ ಆಯ್ತಾ?” ಬಂತು.

“ಹೊಳ್ಯಾಗ ತಂತಿ ಕೂಡಿಸ್ದವ ನಾ. ಹೌದಲ್ಲೊ?”

ಸೀಟಿ ತಿರುಗಿ ಬಂತು.

ಮಲಂಗ್ ಕೂತಲ್ಲಿಂದ ಎದ್ದು ನಿಂತ. ಕಂಬ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ, ಅವತ್ತು ಮುನಾಫ ಕಂಡ. ಮಲಂಗ್ ಮತ್ತೊಮ್ಮೆ ಕೇಳಿದ, ಮತ್ತೆ ಬಂತು. ನಮಾಜಿಗೆ ನಿಂತವನ ಹಾಗೆ ಕಣ್ಣು ಮುಚ್ಚಿ, “ಅಂಬ್ಯಾ... ನಾ ಬರ್ಲ್ಯಾ?” ಅಂದ. ತುಟಿ ಕೂಡಿಸಿ ಸೀಟಿ ಹೊಡೆದ.

ಸ್ಪಷ್ಟವಾಗಿ, ಬೆಣ್ಣೆಯಿಂದ ಕೂದಲು ಎಳೆದಂತೆ, ತಿರುಗಿ ಬಂತು.

“ಸಾಬ್, ಬಾ ಅಂದ! ನಮ್ಮ ಅಂಬ್ಯಾ ಬಾ ಅಂದ!”

ಅವತ್ತಿನಿಂದ ಅವನನ್ನು ಹಿಡಿಯುವವರೇ ಇರಲಿಲ್ಲ. ರಜೆ ಮಂಜೂರಾಗುವವರೆಗಿನ ಕೆಲವು ದಿನ ಬೇಕಾದ್ದು ಬೇಡವಾದ್ದು ಎಲ್ಲ ಕೇಳಿದ. ನನ್ನ ಹಾಡು ಚಲೋ ಅದಲ್ಲ? ಹೌದು. ಸೇಡಂ ನೀರು ವಾಡಿ ನೀರಿಗಿಂತ ಸಿಹಿ ಅಲ್ಲ? ಹೌದು. ಅಂಬಾರಾಯ ಹುಟ್ಟಿದಾಗಿನಿಂದ ಇಷ್ಟು ಹೌದು ಅಂದಿರಲಿಲ್ಲ. ಮದುವೆಯ ದಿನವೂ ಹೆಣ್ಣು ಒಪ್ಪಿಗೆಯೇ ಅಂದರೆ ಹಂದರ ಸೊಟ್ಟ ಹಾಕೀರಿ ಅಂದವನು.

“ಬ್ಯಾನಿ ಮನುಷ್ಯಾನ್ನ ಮೆತ್ತಗ ಮಾಡ್ತದ,” ಅಂದಳು ಮಾಶಾಬಿ.

ಮುನಾಫ ಮಾತ್ರ ಒಮ್ಮೆ ಸಂಜೆ ಕೆಲಸ ಮುಗಿಸಿ ಹೊರಡುವಾಗ ಡಬ್ಬಿಯನ್ನು ನೋಡಿ, “ಚಾಚಾ, ಕೆಂಪು ದೀಪ ಹಂಗೇ ಹತ್ಯದ. ನಿಮ್ಮ ದೋಸ್ತ ಸಂಜಿಗೂ ಲೂಪ್ ಬಿಚ್ಚಂಗಿಲ್ಲೇನು?” ಎಂದು ಕೇಳಿದ.

“ಬಿಚ್ಚಾಕ ಮನಸ್ಸಾಗವಲ್ದು ಅವಂಗ,” ಅಂದ ಮಲಂಗ್. “ಇಷ್ಟು ದಿವ್ಸದ ಮ್ಯಾಲ ಹೂಂ ಅಂದಾನ. ಬಿಚ್ಚಿದ್ರ ಇಲ್ಲ ಅಂದಂಗ ಆಗ್ತದಂತ ಹೆದರ್ಯಾನ.”

ಪ್ರತಿ ರಂಜಾನಿಗೆ ಅಂಬಾರಾಯ ಮಾಶಾಬಿಯ ಶೀರ್‌ಖುರ್ಮಾ ಕುಡಿಯಲು ಬರುತ್ತಿದ್ದ. ರಂಜಾನು ಇನ್ನೂ ದೂರವಿದ್ದರೂ, ಕೊಯ್ದ ಗಂಟಲಿಗೆ ಹತ್ತಬಾರದೆಂದು ಈ ಸಲ ಅವಳು ಖರ್ಜೂರ, ಬಾದಾಮಿ ಎಲ್ಲ ಒರಳಿನಲ್ಲಿ ಅರೆದು, ಮಲ್‌ಮಲ್ ಬಟ್ಟೆಯಲ್ಲಿ ಸೋಸಿ ಡಬ್ಬಿಗೆ ತುಂಬಿದಳು. ಹೊರಡುವ ಮುಂಜಾನೆಗೆ ಸರಿಯಾಗಿ ವಾಡಿಯ ಮೋಡೆಮ್ಮೂ ಬಂದು ಇಳಿಯಿತು. “ಹೆಂಗೂ ಹೊಂಟೀರಿ, ಒಯ್ದು ಇಬ್ಬರೂ ಕೂಡಿ ಹಚ್ಚಿಬಿಡ್ರಿ ಚಾಚಾ. ಲೂಪ್ ಬಿಚ್ಚಿ ಈ ನಾಲ್ಕು ತಂತಿ ಹಚ್ಚೋದು, ಇಷ್ಟೇ. ನಾ ಇಲ್ಲಿ ದೀಪ ನೋಡ್ಕೋತ ಕುಂದರ್ತೀನಿ,” ಅಂದ ಮುನಾಫ. ಒಂದು ಕಂಕುಳಲ್ಲಿ ಶೀರ್‌ಖುರ್ಮಾ, ಇನ್ನೊಂದರಲ್ಲಿ ಕಂಬಳಿ ಸುತ್ತಿದ ಮೋಡೆಮ್. ಯಾವುದು ಹೆಚ್ಚು ನಾಜೂಕು ಎಂದು ತಿಳಿಯದೆ ಮಲಂಗ್ ರೈಲಿನಲ್ಲಿ ಎರಡನ್ನೂ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡ. ಕಿಟಕಿಯ ಹೊರಗೆ ನಾಲ್ಕು ತಂತಿ ಏರುತ್ತ ಇಳಿಯುತ್ತ ಜೊತೆಗೇ ಓಡಿ ಬಂದವು. ದಾರಿಯುದ್ದಕ್ಕೂ ಅವಕ್ಕೆ ಸೀಟಿ ಹೊಡೆಯುತ್ತಲೇ ಇದ್ದ. ಎದುರಿಗಿದ್ದ ಚಿತ್ತಾಪುರದ ಮುದುಕಿ ಹುಚ್ಚನೆಂದು ಸೆರಗು ಬಿಗಿಮಾಡಿಕೊಂಡು ಸರಿದು ಕೂತಳು.

ವಾಡಿಯ ಕ್ವಾರ್ಟರ್ಸಿನ ಬಾಗಿಲಲ್ಲಿ ಮಾಳಮ್ಮ ಕೂತಿದ್ದಳು. ಹಣೆ ಬರಿದಾಗಿತ್ತು.

ಮಲಂಗ್ ಬಾಗಿಲಲ್ಲೇ ನಿಂತ. ಅವಳು ತಲೆಯೆತ್ತಿದಳು.

“ಈಗ ಬಂದ್ಯಾ ಅಣ್ಣಾ? ಮಣ್ಣಿಗೆ ಬರ್ತಿ ಅಂತ ಕಾದೆ. ಎಲ್ಲಾರೂ ಬಂದ್ರು. ನೀ ಬರ್ಲಿಲ್ಲ.”

“ಯಾವಾಗ ತಂಗಿ?”

“ಎಳ್ಳಮಾಸಿ ಮುಂಚಿ ದಿನ.”

“ಇಲ್ಲ,” ಅಂದ ಮಲಂಗ್. “ಎಳ್ಳಮಾಸಿ ಮರುದಿನ ಅಂವ ನನಗ ಬಾ ಅಂದ.”

ಮಾಳಮ್ಮ ಅವನ ಮುಖ ನೋಡಿದಳು. ಅವನಿಗೆ ತಿಳಿದಿಲ್ಲವೆಂಬುದು ಆಗ ಅವಳಿಗೆ ತಿಳಿಯಿತು.

“ಯಾರೂ ಹೇಳ್ಲಿಲ್ಲೇನು ನಿನಗ? ದಿನಾ ಮುಂಜಾನಿ ಅವ್ರ ಕೂಡ ಮಾತಾಡೋನು ನೀ. ತಂತ್ಯವರಿಗೆ ಮತ್ತ ನಾವು ಸುದ್ದಿ ಕಳಸೋದು ಏನದ, ಅವರಿಗೇ ಮೊದಲ ಗೊತ್ತಿರ್ತದ ಅಂದ್ಕೊಂಡೆ ಅಣ್ಣಾ. ಗೊತ್ತಿದ್ದೂ ಬರ್ಲಿಲ್ಲ ಅಂತ ನಿನ್ನ ಮ್ಯಾಲ ಸಿಟ್ಟಾಗಿದ್ದೆ.”

ಆಮೇಲೆ ಅವಳೇ ಕೀಲಿಕೈ ತಂದಳು. ಲೋಡಿಂಗ್ ಆಫೀಸಿನ ಮೂಲೆಯ ಆ ಕೋಣೆಗೆ ಅಂಬಾರಾಯ ಹೋದ ಮೇಲೆ ಯಾರೂ ಕಾಲಿಟ್ಟಿರಲಿಲ್ಲ. ಎಲ್ಲದರ ಮೇಲೂ ತೆಳ್ಳಗೆ ಸಿಮೆಂಟಿನ ಧೂಳು. ಗೋಡೆಯ ಹಲಗೆಯ ಮೇಲೆ ನಾಲ್ಕು ತಂತಿ ಬಂದು ನಿಂತಿದ್ದವು, ಅವುಗಳ ನಡುವೆ ತುಂಡು ತಂತಿಯ ಲೂಪು ಕಟ್ಟಿಯೇ ಇತ್ತು.

“ಆ ಮುಂಜಾನಿ ನಿಂದ್ರಾಕ ಆಗ್ತಿರ್ಲಿಲ್ಲ ಅವರಿಗೆ,” ಅಂದಳು ಮಾಳಮ್ಮ. “ರಟ್ಟಿ ಹಿಡಿದು ನಾನೇ ಕರ್ಕೊಂಡು ಬಂದೆ. ದಿನಾ ಬಿಚ್ಚಿ ಬರೋರು, ಅವತ್ತು ಬಿಚ್ಚಲಿಲ್ಲ. ಬಿಚ್ಚ್ರಿ ಅಂದೆ. ಇರ್ಲಿ ಅಂತ ಕೈ ಮಾಡಿದ್ರು.”

“ಯಾಕ?”

“ನನಗೇನು ಗೊತ್ತಾಗ್ಬೇಕು ಅಣ್ಣಾ. ದಣಿದಿರ್ಬೇಕು.”

ಮಲಂಗ್ ಸ್ಟೂಲಿನ ಮೇಲೆ ಕೂತ. ಹಂದರ ಸೊಟ್ಟ ಅಂದವನು ಹೌದು ಹೌದು ಅಂದಾಗಲೇ ಹೊಳೆಯಬೇಕಿತ್ತು. ಸೀಟಿಗೆ ಮುಂಚೆ ಕೇಳಿದ ಪ್ರಶ್ನೆಯೂ ಕಿವಿಗೆ ತಿರುಗಿ ಬರುತ್ತಿತ್ತು, ಖುಷಿಯಲ್ಲಿ ಗಮನಿಸಿರಲಿಲ್ಲ. ಕಬ್ಬಿಣದ ಡಬ್ಬಿಗೆ ತನ್ನ ದನಿ ತನಗೇ ತಿರುಗಿದರೆ ಕೆಂಪು ದೀಪ ಹತ್ತುತ್ತದೆ. ಅದು ಮಲಂಗನ ಮೊಳಕೈ ಹತ್ತಿರವೇ ಇಷ್ಟು ದಿನ ಹತ್ತಿ ಉರಿದಿತ್ತು.

ಗುಮಾಸ್ತನೊಬ್ಬ ಓಡಿ ಬಂದು ಬಾಗಿಲಲ್ಲಿ ನಿಂತ. “ಮುನಾಫ ಸಾಹೇಬ್ರು ಟ್ರಂಕ್ ಹಚ್ಯಾರ. ದೀಪ ಇನ್ನಾ ಕೆಂಪಗೇ ಅದಂತ. ಲಗೂನ ಬಿಚ್ಚ್ರಿ ಅಂದ್ರು.”

ಮಲಂಗ್ ಲೂಪಿನ ಹತ್ತಿರ ಕೈ ಒಯ್ದ, ನಿಲ್ಲಿಸಿದ. ಇದು ಅಂಬಾರಾಯನ ತುದಿ. ಅವನು ಹೂಂ ಅನ್ನದೆ ಹೇಗೆ ಕೈ ಹಚ್ಚುವುದು? ಗಂಟನ್ನೇ ನೋಡಿದ. ಎಡಗೈಯ ತಿರುವು, ಎಲ್ಲರ ಗಂಟು ಸುತ್ತಿಕೊಳ್ಳುವ ದಿಕ್ಕಿಗೆ ತದ್ವಿರುದ್ಧ. ಕಾಗಿಣಾ ನಡುವಿನ ಕಂಬದ ಮೇಲೂ ಇಂಥದೇ ಗಂಟು ಇತ್ತು. ವರ್ಷವರ್ಷವೂ ಆ ಕಂಬ ಹತ್ತಿ ಅದನ್ನು ಕಂಡವನು ಮಲಂಗನೇ.

“ಹೊಳ್ಯಾಗ ಕೂಡಿಸ್ದವ ನೀನೇ ಲೇ, ಅಂಬ್ಯಾ,” ಅಂದ ಮಲಂಗ್. ಒಂದು ಸೀಟಿ ಹೊಡೆಯಲು ತುಟಿ ಕೂಡಿಸಿದ. ಬರೀ ಗಾಳಿ ಬಂತು.

ಗುಮಾಸ್ತ ಏನೋ ಹೇಳಲು ಹೋದ. ಮಾಳಮ್ಮ ಅವನನ್ನು ತಡೆದಳು. ಅವಳೇ ಅಂದಳು: “ಹೂಂ ಅಣ್ಣಾ. ಬಿಚ್ಚು.”

ಮಲಂಗ್ ಬಲಗೈ ಚಾಚಿದ. ಆಯುಷ್ಯವೆಲ್ಲ ತಂತಿ ಕಟ್ಟುತ್ತ ಬಂದ ಕೈ, ಕಟ್ಟುವಾಗ ತಿರುಗುವ ಕಡೆಗೇ ತಿರುಗಿತು. ಅವನು ಕಟ್ಟುತ್ತಲೇ ಇದ್ದ, ಎಡಗೈಯ ಗಂಟು ಬಿಚ್ಚಿಕೊಳ್ಳುತ್ತ ಹೋಯಿತು.